ನ್ಯಾನೋತಂತಿಯ ಮೇಲ್ಮೈ ಒರಟುತನ: ಒಂದೆರಡು ಪರಮಾಣು ಪದರಗಳ ಏರುಪೇರು ಎಲೆಕ್ಟ್ರಾನ್ ಸಾಗಣೆಯನ್ನು ಇಷ್ಟು ಕೆಡಿಸುವುದೇಕೆ?

ಪ್ರಶ್ನೆ

ಸಿಲಿಕಾನ್ ನ್ಯಾನೋತಂತಿಗಳಲ್ಲಿ ಎಲೆಕ್ಟ್ರಾನ್‌ಗಳ ಕ್ವಾಂಟಮ್ ಸಾಗಣೆಯನ್ನು ಗ್ರೀನ್ ಫಂಕ್ಷನ್ ವಿಧಾನದಿಂದ (ಒಂದು ತುದಿಯಿಂದ ಹೊರಟ ಅಲೆ ಇನ್ನೊಂದು ತುದಿಗೆ ಎಷ್ಟು ತಲುಪುತ್ತದೆ ಎಂದು ಕಂಡುಕೊಳ್ಳುವ ಗಣಿತದಿಂದ) ಲೆಕ್ಕ ಹಾಕುವುದನ್ನು ಕೆಲವು ತಿಂಗಳಿಂದ ಕಲಿಯುತ್ತಿದ್ದೇನೆ. ನನ್ನ ಮಾದರಿ ಸರಳವಾದದ್ದು: ಚೌಕಾಕಾರದ ಅಡ್ಡಕೊಯ್ತ, ಎಲೆಕ್ಟ್ರಾನಿನ ಸಹಜ ದ್ರವ್ಯರಾಶಿಯ 0.2 ರಷ್ಟು ಪರಿಣಾಮಕಾರಿ ದ್ರವ್ಯರಾಶಿ (ಹರಳಿನೊಳಗೆ ಎಲೆಕ್ಟ್ರಾನಿಗೆ ಇದ್ದಂತೆ ತೋರುವ ದ್ರವ್ಯರಾಶಿ), ಅಲೆ ಹೊರಗೆ ಸೋರದಂತೆ ತಡೆಯುವ ಗಡಸು ಗೋಡೆಗಳು, 50 ನ್ಯಾನೋಮೀಟರ್ ಉದ್ದ. ಲೆಕ್ಕದ ಸಮಯ ಉಳಿಸಲು ಪ್ರತಿಯೊಂದು ಮೋಡನ್ನೂ (ತಂತಿಯ ಅಡ್ಡಕ್ಕೆ ನಿಂತ ಅಲೆಯ ಒಂದೊಂದು ಬಗೆಯನ್ನೂ) ಬೇರೆಯಾಗಿ, ಒಂದರ ಜೊತೆ ಇನ್ನೊಂದು ಬೆರೆಯದಂತೆ ಪರಿಗಣಿಸಿದ್ದೇನೆ.

ನುಣುಪಾದ ತಂತಿಯಲ್ಲಿ ಎಲ್ಲವೂ ಪುಸ್ತಕದಲ್ಲಿರುವಂತೆಯೇ ಬರುತ್ತದೆ. ಶಕ್ತಿ ಏರಿದಂತೆ ವಾಹಕತೆ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ, ಪ್ರತಿ ಮೆಟ್ಟಿಲೂ ಸುಮಾರು 77.5 ಮೈಕ್ರೋಸೀಮೆನ್ಸ್. ಆಮೇಲೆ ಗೋಡೆಗಳಿಗೆ ಯಾದೃಚ್ಛಿಕ ಏರುತಗ್ಗುಗಳನ್ನು ಸೇರಿಸಿ, ದಪ್ಪದ ಏರುಪೇರಿನ ವರ್ಗಮಾಧ್ಯಮೂಲ ಮೌಲ್ಯ (ಆರ್‌ಎಂಎಸ್, ಅಂದರೆ ಏರುಪೇರಿನ ಒಂದು ಬಗೆಯ ಸರಾಸರಿ ಅಳತೆ) 0.3 ನ್ಯಾನೋಮೀಟರ್ ಆಗುವಂತೆ ಮಾಡಿದೆ. 5 ನ್ಯಾನೋಮೀಟರ್ ದಪ್ಪದ ತಂತಿಯಲ್ಲಿ ಮೆಟ್ಟಿಲುಗಳ ಅಂಚು ಸವೆದು ದುಂಡಗಾಯಿತು, ಮೊದಲ ಮೆಟ್ಟಿಲು ಸ್ವಲ್ಪ ಮೇಲಿನ ಶಕ್ತಿಗೆ ಸರಿಯಿತು, ಅಷ್ಟೇ. ಅದೇ ಒರಟುತನವನ್ನು 3 ನ್ಯಾನೋಮೀಟರ್ ತಂತಿಗೆ ಕೊಟ್ಟಾಗ ಮೊದಲ ಮೆಟ್ಟಿಲು ಬಹುಪಾಲು ಕಾಣೆಯಾಗಿ, ಅದರ ಜಾಗದಲ್ಲಿ ಸೂಜಿಮೊನೆಯಂಥ ಶಿಖರಗಳು ಮೂಡಿದವು. ಒಂದು ಮಾದರಿಯಲ್ಲಿ (ಯಾದೃಚ್ಛಿಕವಾಗಿ ಹುಟ್ಟಿಸಿದ ಒಂದು ತಂತಿಯಲ್ಲಿ) ಕಂಡ ಶಿಖರ ಇನ್ನೊಂದರಲ್ಲಿ ಇಲ್ಲ. 40 ಮಾದರಿಗಳ ಸರಾಸರಿ ತೆಗೆದರೂ ಗೆರೆ ನೆಲೆಗೊಳ್ಳುತ್ತಿಲ್ಲ.

ಒರಟು ಗೋಡೆ ಎಂದರೆ ಕನ್ನಡಿಯಂತೆ ಪ್ರತಿಫಲಿಸದೆ ಎಲೆಕ್ಟ್ರಾನನ್ನು ದಿಕ್ಕಾಪಾಲಾಗಿ ಚದುರಿಸುವ ಗೋಡೆ ಎಂದೂ, ಅದರಿಂದ ಬರುವ ಮುಕ್ತಪಥವು (ಚದುರದೆ ಸಾಗುವ ಸರಾಸರಿ ದೂರವು) ತಂತಿಯ ದಪ್ಪಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂದೂ ನಾನು ಓದಿದ್ದೆ. ಆ ಲೆಕ್ಕದಲ್ಲಿ 5 ರಿಂದ 3 ಕ್ಕೆ ಇಳಿದರೆ ಪರಿಣಾಮ ಇಮ್ಮಡಿಯೂ ಆಗಬಾರದು. ಇನ್ನೊಂದು ಗೊಂದಲವೂ ಇದೆ. ಏರುಪೇರಿನ ಎತ್ತರವನ್ನು ಹಾಗೆಯೇ ಇಟ್ಟು ಸಹಸಂಬಂಧ ದೂರವನ್ನು (ಒಂದೊಂದು ಏರುತಗ್ಗು ತಂತಿಯ ಉದ್ದಕ್ಕೆ ಎಷ್ಟು ದೂರ ಚಾಚಿರುತ್ತದೆ ಎಂಬುದನ್ನು) 0.5 ರಿಂದ 10 ನ್ಯಾನೋಮೀಟರ್‌ವರೆಗೆ ಹಿಗ್ಗಿಸುತ್ತಾ ಹೋದಾಗ ವಾಹಕತೆ ಮೊದಲು ಕುಸಿದು, ಆಮೇಲೆ ಮತ್ತೆ ಏರಿತು. ನನ್ನ ಪ್ರೋಗ್ರಾಮಿನಲ್ಲೇ ತಪ್ಪಿದೆಯೇ, ಅಥವಾ ನಾನು ಈ ವಿಷಯವನ್ನು ಯೋಚಿಸುತ್ತಿರುವ ಬಗೆಯೇ ತಪ್ಪೇ?

ಮೊದಲ ಉತ್ತರ

ಪ್ರೋಗ್ರಾಮು ಬಹುಮಟ್ಟಿಗೆ ಸರಿಯಾಗಿಯೇ ಇದೆ, ಬದಲಿಸಬೇಕಾದದ್ದು ಗೋಡೆಗೆ ಬಡಿಯುವ ಎಲೆಕ್ಟ್ರಾನಿನ ಚಿತ್ರವನ್ನು. ಆ ಚಿತ್ರ 1938 ರಲ್ಲಿ ಫುಕ್ಸ್ ತೆಳುಪದರಗಳಿಗಾಗಿ ಕೊಟ್ಟದ್ದು, 1952 ರಲ್ಲಿ ಸೋಂಡ್‌ಹೈಮರ್ ಅದನ್ನು ಬೆಳೆಸಿದರು. ತಾಮ್ರದ ತಂತಿಗೆ ಅದು ಇಂದಿಗೂ ಒಳ್ಳೆಯ ಆರಂಭವೇ ಸರಿ, ಏಕೆಂದರೆ ತಾಮ್ರದಲ್ಲಿ ಎಲೆಕ್ಟ್ರಾನಿನ ತರಂಗಾಂತರ ಅರ್ಧ ನ್ಯಾನೋಮೀಟರಿಗಿಂತ ಕಡಿಮೆ, ತಂತಿಯ ದಪ್ಪ ಅದರ ಹತ್ತಾರು ಪಟ್ಟು. ಅಲ್ಲಿ ಎಲೆಕ್ಟ್ರಾನ್ ಒಂದು ಗೋಡೆಯಿಂದ ಹೊರಟು, ನಡುವಿನ ಜಾಗವನ್ನು ದಾಟಿ, ಇನ್ನೊಂದು ಗೋಡೆಗೆ ಬಡಿಯುತ್ತದೆ ಎಂದು ಹೇಳುವುದಕ್ಕೆ ಅರ್ಥವಿದೆ. ನಿಮ್ಮ 5 ನ್ಯಾನೋಮೀಟರ್ ತಂತಿಯ ಅಡ್ಡ ದಿಕ್ಕಿನಲ್ಲಿ ಇರುವುದು ಒಂದೇ ಒಂದು ನಿಂತ ಅಲೆ, ಮತ್ತು ಅದು ಎರಡೂ ಗೋಡೆಗಳನ್ನು ಒಟ್ಟಿಗೆ ತಬ್ಬಿಕೊಂಡಿರುತ್ತದೆ. ಬಡಿಯುವುದಕ್ಕೆ ಅಲ್ಲಿ ಬಿಡಿ ಗೋಡೆಯೇ ಇಲ್ಲ.

ಅದರ ಬದಲು ಹೀಗೆ ಯೋಚಿಸಿ. ಅಡ್ಡಲಾಗಿ ಹಿಡಿದಿಟ್ಟ ಅಲೆಯ ಶಕ್ತಿ ದಪ್ಪದ ವರ್ಗಕ್ಕೆ ವಿಲೋಮವಾಗಿರುತ್ತದೆ, ಆದ್ದರಿಂದ ತಂತಿ ತುಸು ತೆಳುವಾದ ಕಡೆ ಆ ಶಕ್ತಿ ಏರುತ್ತದೆ, ತುಸು ದಪ್ಪವಾದ ಕಡೆ ಇಳಿಯುತ್ತದೆ. ಉದ್ದಕ್ಕೆ ಚಲಿಸುವ ಎಲೆಕ್ಟ್ರಾನಿಗೆ ಈ ಏರಿಳಿತವು ದಾರಿಯಲ್ಲಿ ಎದುರಾಗುವ ವಿಭವದ ಗುಡ್ಡ ಮತ್ತು ಹಳ್ಳಗಳಂತೆಯೇ ಕಾಣುತ್ತದೆ. ಗೋಡೆಯ ಜ್ಯಾಮಿತಿ ಉದ್ದಕ್ಕೂ ಹರಡಿದ ಶಕ್ತಿಯ ಭೂದೃಶ್ಯವಾಗಿ ಮಾರ್ಪಡುವುದೇ ಇಡೀ ವಿಷಯದ ತಿರುಳು.

ನಿಮ್ಮ ಅಂಕಿಗಳನ್ನೇ ಹಾಕಿ ನೋಡೋಣ. 0.2 ದ್ರವ್ಯರಾಶಿಗೆ 5 ನ್ಯಾನೋಮೀಟರ್ ದಪ್ಪದಲ್ಲಿ, ಒಂದು ಅಡ್ಡ ದಿಕ್ಕಿನ ತಳಶಕ್ತಿ ಸುಮಾರು 75 ಮಿಲಿ ಎಲೆಕ್ಟ್ರಾನ್‌ವೋಲ್ಟ್. ದಪ್ಪ 1 ನ್ಯಾನೋಮೀಟರಿನಷ್ಟು ಬದಲಾದರೆ ಆ ಶಕ್ತಿ ಸುಮಾರು 30 ಮಿಲಿ ಎಲೆಕ್ಟ್ರಾನ್‌ವೋಲ್ಟಿನಷ್ಟು ಬದಲಾಗುವ ದರ ಇದು, ಹಾಗಾಗಿ 0.3 ನ್ಯಾನೋಮೀಟರ್ ಏರುಪೇರು 9 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಎತ್ತರದ ಗುಡ್ಡಗಳನ್ನು ಹುಟ್ಟಿಸುತ್ತದೆ. 3 ನ್ಯಾನೋಮೀಟರಿಗೆ ಬಂದಾಗ ತಳಶಕ್ತಿ 209 ಕ್ಕೆ ಏರುತ್ತದೆ, ದರ ನ್ಯಾನೋಮೀಟರಿಗೆ ಸುಮಾರು 139 ಆಗುತ್ತದೆ, ಗುಡ್ಡಗಳು 42 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಎತ್ತರಕ್ಕೆ ಬೆಳೆಯುತ್ತವೆ. ಕೋಣೆಯ ಉಷ್ಣತೆಯಲ್ಲಿ ಉಷ್ಣಶಕ್ತಿ ಸುಮಾರು 26 ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಸಿಲಿಕಾನಿನ ಜಾಲಕ ಸ್ಥಿರಾಂಕ 0.543 ನ್ಯಾನೋಮೀಟರ್, ಅದರ ಕಾಲುಭಾಗ, ಅಂದರೆ 0.136 ನ್ಯಾನೋಮೀಟರ್, ಅದರ ಒಂದು ಪರಮಾಣು ಮೆಟ್ಟಿಲು. ಎರಡು ಎದುರುಬದುರು ಗೋಡೆಗಳಲ್ಲಿ ಒಂದೊಂದು ಮೆಟ್ಟಿಲು ಆಚೀಚೆಯಾದರೆ ಸಾಕು, ನಿಮ್ಮ 0.3 ರ ಹತ್ತಿರ ಬಂದಂತೆಯೇ.

ಗುಡ್ಡದ ಎತ್ತರ ದಪ್ಪದ ಘನಕ್ಕೆ ವಿಲೋಮ, ಚದುರಿಕೆಯ ದರ ಎತ್ತರದ ವರ್ಗಕ್ಕೆ ನೇರ. ಎರಡನ್ನೂ ಸೇರಿಸಿದರೆ ದಪ್ಪದ ಆರನೆಯ ಘಾತ ಬರುತ್ತದೆ. ಗ್ಯಾಲಿಯಂ ಆರ್ಸೆನೈಡಿನ ಕ್ವಾಂಟಮ್ ಬಾವಿಗಳಲ್ಲಿ (ಎಲೆಕ್ಟ್ರಾನನ್ನು ಹಿಡಿದಿಡುವ ತೆಳುಪದರಗಳಲ್ಲಿ) ಎಲೆಕ್ಟ್ರಾನಿನ ಚಲನಶೀಲತೆ, ಅಂದರೆ ವಿದ್ಯುತ್‌ಕ್ಷೇತ್ರದಲ್ಲಿ ಅದು ಎಷ್ಟು ಸುಲಭವಾಗಿ ಸಾಗುತ್ತದೆ ಎಂಬ ಅಳತೆ, ಬಾವಿಯ ಅಗಲದ ಆರನೆಯ ಘಾತದಂತೆ ಕುಸಿಯುವುದನ್ನು ಸಕಾಕಿ ಮತ್ತು ಸಂಗಡಿಗರು 1987 ರಲ್ಲಿ ತೋರಿಸಿದ್ದು ಇದೇ ಕಾರಣದಿಂದ. 5 ನ್ನು 3 ರಿಂದ ಭಾಗಿಸಿ ಆರನೆಯ ಘಾತಕ್ಕೇರಿಸಿದರೆ 21 ಬರುತ್ತದೆ. ನೀವು ಇಮ್ಮಡಿಯನ್ನು ನಿರೀಕ್ಷಿಸಿದ್ದ ಕಡೆ ಪ್ರಕೃತಿ ಇಪ್ಪತ್ತೊಂದು ಮಡಿ ಕೊಟ್ಟಿದೆ.

ಈಗ ಸಹಸಂಬಂಧ ದೂರದ ವಿಚಾರ. ಒಂದೇ ಮೋಡ್ ಇರುವ ತಂತಿಯಲ್ಲಿ ಎಲೆಕ್ಟ್ರಾನಿಗೆ ಪಕ್ಕಕ್ಕೆ ತಿರುಗುವ ಅವಕಾಶವಿಲ್ಲ, ಮುಂದೆ ಹೋಗಬೇಕು ಇಲ್ಲವೇ ಪೂರ್ತಿ ಹಿಂದಿರುಗಬೇಕು. ಹಿಂದಿರುಗಬೇಕಾದರೆ ಅದರ ತರಂಗಸಂಖ್ಯೆಯ ಎರಡರಷ್ಟು ಬದಲಾವಣೆಯನ್ನು ಒರಟುತನವೇ ಒದಗಿಸಬೇಕು. ಆದ್ದರಿಂದ ಒರಟುತನದ ಫೂರಿಯರ್ ವರ್ಣಪಟಲದಲ್ಲಿ (ಏರುತಗ್ಗನ್ನು ಬೇರೆಬೇರೆ ತರಂಗಸಂಖ್ಯೆಯ ಅಲೆಗಳಾಗಿ ಬಿಡಿಸಿದಾಗ) ಆ ಎರಡರಷ್ಟು ತರಂಗಸಂಖ್ಯೆಯ ಬಳಿ ಎಷ್ಟು ಬಲವಿದೆ ಎಂಬುದೇ ನಿರ್ಣಾಯಕ, ಉಳಿದ ಏರುಪೇರನ್ನು ಎಲೆಕ್ಟ್ರಾನ್ ಹೆಚ್ಚುಕಡಿಮೆ ಗಮನಿಸುವುದೇ ಇಲ್ಲ. ಏರುತಗ್ಗು ತೀರ ಚಿಕ್ಕಚಿಕ್ಕದಾಗಿದ್ದರೆ ಅಲೆ ಅದರ ಸರಾಸರಿಯನ್ನಷ್ಟೇ ಕಾಣುತ್ತದೆ, ತೀರ ನೀಳವಾಗಿದ್ದರೆ ನಿಧಾನವಾದ ಇಳಿಜಾರಿನಲ್ಲಿ ಹೊಂದಿಕೊಂಡು ಪ್ರತಿಫಲನವಿಲ್ಲದೆ ಹರಿದುಹೋಗುತ್ತದೆ. ಘಾತೀಯವಾಗಿ ಕುಗ್ಗುವ ಸಹಸಂಬಂಧಕ್ಕೆ ಅತಿ ಕೆಟ್ಟ ದೂರವೆಂದರೆ ತರಂಗಸಂಖ್ಯೆಯ ಎರಡರಷ್ಟರ ವಿಲೋಮ. ನಿಮ್ಮ ತಂತಿಯಲ್ಲಿ 50 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಚಲನಶಕ್ತಿಯ ಎಲೆಕ್ಟ್ರಾನಿಗೆ ಅದು ಸುಮಾರು 1 ನ್ಯಾನೋಮೀಟರ್, 10 ಮಿಲಿ ಎಲೆಕ್ಟ್ರಾನ್‌ವೋಲ್ಟಿಗೆ ಸುಮಾರು 2.2 ನ್ಯಾನೋಮೀಟರ್. ವಾಹಕತೆ ಕುಸಿದು ಮತ್ತೆ ಏರಿದ್ದು ಹೀಗೆ. ಸಿಲಿಕಾನ್ ಮತ್ತು ಅದರ ಆಕ್ಸೈಡಿನ ನಡುವಿನ ಗಡಿಯಲ್ಲಿ ಸಾಮಾನ್ಯವಾಗಿ ಬಳಸುವ ಸಹಸಂಬಂಧ ದೂರವೂ 1 ರಿಂದ 3 ನ್ಯಾನೋಮೀಟರ್‌ಗಳ ನಡುವೆಯೇ ಬಿದ್ದಿರುವುದು ನಮ್ಮ ದುರದೃಷ್ಟ.

ಎರಡನೆಯ ಉತ್ತರ

ಮೇಲಿನ ವಿವರಣೆಗೆ ಸಂಖ್ಯಾತ್ಮಕ ಲೆಕ್ಕದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ನಿಮ್ಮ ಸರಾಸರಿ ನೆಲೆಗೊಳ್ಳದಿರುವುದಕ್ಕೂ ಒಂದು ಭೌತಿಕ ಕಾರಣವಿದೆ.

ಮೊದಲ ಅಂದಾಜಿಗೆ, ಹಿಂಚದುರಿಕೆಯ ಮುಕ್ತಪಥವು ವೇಗದ ವರ್ಗಕ್ಕೆ ನೇರವಾಗಿಯೂ, ವಿಭವದ ವರ್ಣಪಟಲದ ಬಲಕ್ಕೆ ವಿಲೋಮವಾಗಿಯೂ ಇರುತ್ತದೆ. ಸಹಸಂಬಂಧ ದೂರವನ್ನು 1.5 ನ್ಯಾನೋಮೀಟರ್ ಎಂದಿಟ್ಟುಕೊಂಡು, ಒಂದು ದಿಕ್ಕಿನ ದಪ್ಪ ಮಾತ್ರ ಏರುಪೇರಾಗುತ್ತದೆ ಎಂದು ಭಾವಿಸಿ, 50 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಚಲನಶಕ್ತಿಗೆ ಲೆಕ್ಕ ಹಾಕಿದರೆ 5 ನ್ಯಾನೋಮೀಟರ್ ತಂತಿಗೆ ಸುಮಾರು 530 ನ್ಯಾನೋಮೀಟರ್ ಬರುತ್ತದೆ. ಅಂದರೆ ನಿಮ್ಮ 50 ನ್ಯಾನೋಮೀಟರ್ ಉದ್ದದಲ್ಲಿ ಹತ್ತರಲ್ಲಿ ಒಂದರಷ್ಟು ಎಲೆಕ್ಟ್ರಾನ್‌ಗಳು ಮಾತ್ರ ಹಿಂದಿರುಗುತ್ತವೆ, ಮೆಟ್ಟಿಲಿನ ಮೇಲ್ಭಾಗ ಬಹುಮಟ್ಟಿಗೆ ಉಳಿದುಕೊಂಡಿರುವುದು ಅದಕ್ಕೇ. ಅದೇ ತಂತಿಯಲ್ಲಿ ಚಲನಶಕ್ತಿ 10 ಕ್ಕೆ ಇಳಿದರೆ ಮುಕ್ತಪಥ 46 ನ್ಯಾನೋಮೀಟರಿಗೆ ಕುಗ್ಗುತ್ತದೆ. ಸಬ್‌ಬ್ಯಾಂಡಿನ (ಒಂದು ಮೋಡಿಗೆ ಸೇರಿದ ಶಕ್ತಿಗಳ ಪಟ್ಟಿಯ) ತಳದ ಬಳಿ ಎಲೆಕ್ಟ್ರಾನ್ ನಿಧಾನವಾಗಿರುತ್ತದೆ, ಅಲ್ಲಿ ಸ್ಥಿತಿಗಳ ಸಾಂದ್ರತೆಯೂ ಹೆಚ್ಚು, ಹೀಗಾಗಿ ಮೆಟ್ಟಿಲಿನ ಅಂಚೇ ಮೊದಲು ಸವೆಯುತ್ತದೆ. 3 ನ್ಯಾನೋಮೀಟರ್ ತಂತಿಗೆ 50 ರಲ್ಲಿ ಸಿಗುವ ಮುಕ್ತಪಥ ಸುಮಾರು 25 ನ್ಯಾನೋಮೀಟರ್, 10 ರಲ್ಲಿ ಎರಡು ನ್ಯಾನೋಮೀಟರಿಗಿಂತ ತುಸು ಹೆಚ್ಚು. ಈ ಕೊನೆಯ ಸಂಖ್ಯೆಯನ್ನು ನಂಬಬೇಡಿ. ಗುಡ್ಡದ ಎತ್ತರ 42 ಇರುವಾಗ 10 ರ ಚಲನಶಕ್ತಿಯ ಎಲೆಕ್ಟ್ರಾನಿಗೆ ಸಣ್ಣ ಕ್ಷೋಭೆಯ ಸಿದ್ಧಾಂತವೇ ಅನ್ವಯವಾಗುವುದಿಲ್ಲ. ಅಲ್ಲಿ ತಂತಿಯು ದಪ್ಪ ಭಾಗಗಳಲ್ಲಿ ಚಿಕ್ಕಚಿಕ್ಕ ಕ್ವಾಂಟಮ್ ಗುಳಿಗಳಾಗಿ ಒಡೆದಿರುತ್ತದೆ, ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಅನುರಣನ ಟನೆಲಿಂಗ್ ಮೂಲಕ (ಶಕ್ತಿ ಗುಳಿಯ ಮಟ್ಟಕ್ಕೆ ಸರಿಹೊಂದಿದಾಗ ಗುಡ್ಡವನ್ನು ತೂರಿಕೊಂಡು) ದಾಟುತ್ತದೆ. ನೀವು ಕಂಡ ಸೂಜಿಮೊನೆಗಳು ಆ ಗುಳಿಗಳ ಶಕ್ತಿಮಟ್ಟಗಳು, ಮತ್ತು ಗುಳಿಗಳು ಎಲ್ಲಿ ಬೀಳುತ್ತವೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗಿರುವುದರಿಂದ ಶಿಖರಗಳೂ ಬೇರೆಬೇರೆ ಕಡೆ ಬರುತ್ತವೆ.

ಇನ್ನು ಸರಾಸರಿ. ಒಂದೇ ಮೋಡಿನ ತಂತಿಯಲ್ಲಿ, ಅಲೆಗಳ ಕಲೆ (ಏರಿಳಿತದ ಹಂತ) ಕೆಡದೆ ಅವುಗಳ ವ್ಯತಿಕರಣ ಉಳಿದಿರುವಾಗ, ಓಮನ ನಿಯಮ ನಡೆಯುವ ನಡುವಿನ ಹಂತವೇ ಇಲ್ಲ. ತಂತಿ ಮುಕ್ತಪಥಕ್ಕಿಂತ ಉದ್ದವಾದೊಡನೆ ಎಲೆಕ್ಟ್ರಾನ್ ಸ್ಥಾನಬದ್ಧವಾಗುತ್ತದೆ, ಅಂದರೆ ಅದರ ಅಲೆ ಒಂದೆಡೆಯೇ ಸಿಕ್ಕಿಕೊಳ್ಳುತ್ತದೆ, ಸಾಗಣೆಯ ಸಂಭಾವ್ಯತೆ ಉದ್ದದೊಂದಿಗೆ ಘಾತೀಯವಾಗಿ ಕುಸಿಯುತ್ತದೆ. ಆಗ ವಾಹಕತೆಯ ಹಂಚಿಕೆಗೆ ಒಂದು ಉದ್ದನೆಯ ಬಾಲವಿರುತ್ತದೆ: ಬಹುಪಾಲು ಮಾದರಿಗಳು ಹೆಚ್ಚುಕಡಿಮೆ ಏನನ್ನೂ ಸಾಗಿಸುವುದಿಲ್ಲ, ಅನುರಣನ ಕೂಡಿಬಂದ ಎಲ್ಲೋ ಒಂದೆರಡು ಮಾದರಿಗಳು ಬಹಳ ಸಾಗಿಸಿ ಇಡೀ ಸರಾಸರಿಯನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಆದ್ದರಿಂದ ಸರಾಸರಿ ತೆಗೆಯಬೇಕಾದದ್ದು ವಾಹಕತೆಯನ್ನಲ್ಲ, ಅದರ ಲಾಗರಿದಮ್ಮನ್ನು. ಒಂದು ಆಯಾಮದಲ್ಲಿ ಲಾಗರಿದಮ್ಮಿನ ಸರಾಸರಿ ಉದ್ದವನ್ನು ಮುಕ್ತಪಥದಿಂದ ಭಾಗಿಸಿದಷ್ಟು ಇಳಿಯುತ್ತದೆ, ಲಾಗರಿದಮ್ಮಿನ ಚದುರಿನ ವರ್ಗ (ವೇರಿಯನ್ಸ್) ಉದ್ದ ಬೆಳೆದಂತೆ ಆ ಇಳಿಕೆಯ ಎರಡರಷ್ಟಕ್ಕೆ ಹತ್ತಿರವಾಗುತ್ತದೆ. ನಿಮ್ಮ 3 ನ್ಯಾನೋಮೀಟರ್ ತಂತಿಯಲ್ಲಿ 50 ನ್ನು 25 ರಿಂದ ಭಾಗಿಸಿದರೆ 2. ಸಾಮಾನ್ಯವಾಗಿ ಸಿಗುವ ತಂತಿಯ ಸಾಗಣೆಯ ಸಂಭಾವ್ಯತೆ ಸುಮಾರು 0.135, ಲಾಗರಿದಮ್ಮಿನ ಚದುರು ಕೂಡ ಸುಮಾರು 2, 40 ಮಾದರಿಗಳಲ್ಲಿ ಅದರ ಸರಾಸರಿಯ ದೋಷ 0.3 ರಷ್ಟು. ಇದು ಸಹಿಸಬಹುದಾದ ದೋಷ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಮೋಡುಗಳನ್ನು ಬೇರೆಬೇರೆಯಾಗಿ ಪರಿಗಣಿಸುವ ಉಪಾಯ ನುಣುಪು ತಂತಿಗೆ ಸರಿ, ಒರಟು ತಂತಿಗೆ ಸಲ್ಲದು. ದಪ್ಪ ಬದಲಾದಾಗ ತಳಶಕ್ತಿ ಮಾತ್ರವಲ್ಲ, ಅಡ್ಡ ಅಲೆಯ ಆಕಾರವೂ ಬದಲಾಗುತ್ತದೆ, ಆ ಬದಲಾವಣೆಯೇ ಎಲೆಕ್ಟ್ರಾನನ್ನು ಒಂದು ಮೋಡಿನಿಂದ ಇನ್ನೊಂದಕ್ಕೆ ತಳ್ಳುತ್ತದೆ. ಈ ಜೋಡಣೆಯನ್ನು ಸೇರಿಸಿದರೆ ಎರಡನೆಯ ಮೆಟ್ಟಿಲು ಆರಂಭವಾಗುವ ಶಕ್ತಿಯ ಬಳಿ ವಾಹಕತೆ ಏರುವ ಬದಲು ಮೊದಲು ತಗ್ಗುವುದನ್ನು ಕಾಣುವಿರಿ, ಏಕೆಂದರೆ ಮೊದಲ ಮೋಡಿನ ಎಲೆಕ್ಟ್ರಾನಿಗೆ ಆಗತಾನೇ ತೆರೆದ, ಸ್ಥಿತಿಗಳಿಂದ ತುಂಬಿತುಳುಕುವ ಇನ್ನೊಂದು ಸಬ್‌ಬ್ಯಾಂಡು ಚದುರಲು ಸಿಕ್ಕಿರುತ್ತದೆ.

ಹಲವು ಮೋಡುಗಳಿರುವ ತಂತಿಯಲ್ಲಿ ಚಿತ್ರ ಇನ್ನಷ್ಟು ಸ್ವಾರಸ್ಯಕರ. ಗಡಸು ಗೋಡೆಯ ಮಾದರಿಯಲ್ಲಿ ಎರಡು ಮೋಡುಗಳ ನಡುವಿನ ಜೋಡಣೆ ಅವೆರಡರ ಕ್ರಮಸಂಖ್ಯೆಗಳ ಗುಣಲಬ್ಧಕ್ಕೆ ನೇರವಾಗಿರುತ್ತದೆ, ಆದ್ದರಿಂದ ಮೇಲಿನ ಮೋಡುಗಳು ಬಲವಾಗಿ ಚದುರುತ್ತವೆ, ಗೋಡೆಗೆ ಬಹುಮಟ್ಟಿಗೆ ಸಮಾನಾಂತರವಾಗಿ ಸಾಗುವ ಮೊದಲ ಮೋಡು ಬಹಳ ದೂರ ಅಖಂಡವಾಗಿ ಹೋಗುತ್ತದೆ. ಮೇಲ್ಮೈ ಮಾತ್ರ ಒರಟಾಗಿರುವ ಅಲೆನಾಳಗಳಲ್ಲಿ ತಡೆಯಿಲ್ಲದ ಸಾಗಣೆ, ವಿಸರಣೆ, ಸ್ಥಾನಬದ್ಧತೆ ಈ ಮೂರೂ ಒಂದೇ ಉದ್ದದಲ್ಲಿ, ಬೇರೆಬೇರೆ ಮೋಡುಗಳಲ್ಲಿ, ಒಟ್ಟಿಗೆ ಇರಬಲ್ಲವು ಎಂದು 1998 ರಲ್ಲಿ ಲೆಕ್ಕಗಳು ತೋರಿಸಿದವು. ತಂತಿಯ ಒಳಗೆಲ್ಲ ಕಲ್ಮಷ ಹರಡಿರುವ ಸಂದರ್ಭಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಲಾಗರಿದಮ್ಮಿನ ಸರಾಸರಿ ತೆಗೆದು 25, 50, 75 ಮತ್ತು 100 ನ್ಯಾನೋಮೀಟರ್ ಉದ್ದಗಳಿಗೆ ಬಿಡಿಸಿದಾಗ 3 ನ್ಯಾನೋಮೀಟರ್ ತಂತಿಯ ಬಿಂದುಗಳು ಒಂದು ನೇರ ಗೆರೆಯ ಮೇಲೆ ಚೆನ್ನಾಗಿಯೇ ಕುಳಿತವು. ಮೋಡುಗಳ ಜೋಡಣೆಯನ್ನು ಸೇರಿಸಿದ ಲೆಕ್ಕ ಆರು ಪಟ್ಟು ನಿಧಾನವಾಯಿತು, ಆದರೆ ಎರಡನೆಯ ಮೆಟ್ಟಿಲಿನ ಬಳಿ ನೀವು ಹೇಳಿದ ತಗ್ಗು ಸ್ಪಷ್ಟವಾಗಿ ಕಾಣಿಸಿತು. ಉಳಿದಿರುವ ಸಂಶಯ ಪ್ರಯೋಗದ್ದು. ನಿಜವಾದ ತಂತಿಯಲ್ಲಿ ಫೋನಾನುಗಳೂ (ಪರಮಾಣುಜಾಲದ ಕಂಪನಗಳೂ) ಇವೆ, ಆಕ್ಸೈಡಿನಲ್ಲಿ ಸಿಕ್ಕಿಕೊಂಡ ಆವೇಶಗಳೂ ಇವೆ. ಅಳತೆಯಲ್ಲಿ ಕಂಡ ನಷ್ಟಕ್ಕೆ ಒರಟುತನವೇ ಕಾರಣ ಎಂದು ಹೇಗೆ ತಿಳಿಯುವುದು?

ಮೂರನೆಯ ಉತ್ತರ

ನನ್ನ ಕೆಲಸ ಅಳತೆಯ ಕಡೆಗಿನದು, ಆದ್ದರಿಂದ ಈ ಭಾಗಕ್ಕೆ ಉತ್ತರಿಸುತ್ತೇನೆ.

ಒಂದೇ ಅಳತೆಯಿಂದ ಇದನ್ನು ಹೇಳಲಾಗದು, ಉಷ್ಣತೆ ಮತ್ತು ಗೇಟಿನ (ತಂತಿಯಲ್ಲಿನ ಎಲೆಕ್ಟ್ರಾನ್ ಸಾಂದ್ರತೆಯನ್ನು ನಿಯಂತ್ರಿಸುವ ವಿದ್ಯುದ್ವಾರದ) ವೋಲ್ಟೇಜು ಎರಡನ್ನೂ ಬದಲಿಸಿ ನೋಡಬೇಕು. ಫೋನಾನುಗಳಿಂದ ಆಗುವ ಚದುರಿಕೆ ತಂಪು ಮಾಡಿದಂತೆ ಕಡಿಮೆಯಾಗುತ್ತದೆ, ಒರಟುತನದ್ದು ಹೆಚ್ಚು ಬದಲಾಗದೆ ಉಳಿಯುತ್ತದೆ. ಸಿಕ್ಕಿಕೊಂಡ ಆವೇಶಗಳ ಪ್ರಭಾವ ಎಲೆಕ್ಟ್ರಾನ್ ಸಾಂದ್ರತೆ ಹೆಚ್ಚಿದಂತೆ ಮರೆಯಾಗುತ್ತದೆ, ಏಕೆಂದರೆ ಎಲೆಕ್ಟ್ರಾನ್‌ಗಳೇ ಆ ಆವೇಶಗಳಿಗೆ ಪರದೆ ಕಟ್ಟುತ್ತವೆ. ಒರಟುತನದ ಪ್ರಭಾವ ಇದಕ್ಕೆ ತದ್ವಿರುದ್ಧ: ಗೇಟಿನ ವೋಲ್ಟೇಜು ಏರಿದಂತೆ ವಿದ್ಯುತ್‌ಕ್ಷೇತ್ರವು ಎಲೆಕ್ಟ್ರಾನ್‌ಗಳನ್ನು ಗೋಡೆಗೆ ಒತ್ತುತ್ತದೆ, ಚಲನಶೀಲತೆ ಇನ್ನಷ್ಟು ಇಳಿಯುತ್ತದೆ. ತಂಪಾದ ತಂತಿಯಲ್ಲಿ, ಹೆಚ್ಚಿನ ಗೇಟ್ ವೋಲ್ಟೇಜಿನಲ್ಲಿ, ಚಲನಶೀಲತೆ ಉಷ್ಣತೆಗೆ ಸ್ಪಂದಿಸದೆ ಕೆಳಗೆ ಜಾರುತ್ತಿದ್ದರೆ ಒರಟುತನವನ್ನು ಶಂಕಿಸಲು ಬಲವಾದ ಕಾರಣವಿದೆ. ಮೂರೂ ಕಾರಣಗಳ ದರಗಳನ್ನು ಸರಳವಾಗಿ ಕೂಡಿಸುವ ಮ್ಯಾಥಿಸನ್ ನಿಯಮವನ್ನು ಮಾತ್ರ ಇಲ್ಲಿ ಕಣ್ಣುಮುಚ್ಚಿ ಬಳಸಬೇಡಿ, ಒಂದೊಂದೂ ಶಕ್ತಿಯ ಮೇಲೆ ಬೇರೆ ರೀತಿಯಲ್ಲಿ ಅವಲಂಬಿಸಿರುವುದರಿಂದ ಅದು ಕೇವಲ ಅಂದಾಜು. ಸಂಪರ್ಕಗಳ ರೋಧವನ್ನು ಬೇರ್ಪಡಿಸಲು ಒಂದೇ ತಂತಿಯ ಮೇಲೆ ಬೇರೆಬೇರೆ ಅಂತರದ ಸಂಪರ್ಕಗಳನ್ನಿಟ್ಟು ಅಳೆಯುವುದು ಅಗತ್ಯ.

ಸ್ಥಾನಬದ್ಧತೆಯ ಬಗ್ಗೆ ಒಂದು ಎಚ್ಚರಿಕೆ. ನಿಮ್ಮ ಲೆಕ್ಕದಲ್ಲಿ ಅಲೆಯ ಕಲೆ ಎಂದೂ ಕೆಡುವುದಿಲ್ಲ. ಕೋಣೆಯ ಉಷ್ಣತೆಯ ತಂತಿಯಲ್ಲಿ ಫೋನಾನುಗಳು ಅದನ್ನು ಬೇಗನೆ ಕೆಡಿಸುತ್ತವೆ, ಕಲೆ ಉಳಿಯುವ ದೂರ ಮುಕ್ತಪಥದ ಮಟ್ಟಕ್ಕೆ ಇಳಿದಾಗ ಘಾತೀಯ ಕುಸಿತ ಮಾಯವಾಗಿ ಉದ್ದಕ್ಕೆ ಅನುಗುಣವಾಗಿ ಏರುವ ಸಾಮಾನ್ಯ ರೋಧ ಕಾಣಿಸುತ್ತದೆ. ತೆಳು ತಂತಿಯ ಒಟ್ಟು ರೋಧ ಸುಮಾರು 10 ಕಿಲೋಓಮ್ ಮೀರಿದಾಗ, ಸಾಕಷ್ಟು ತಂಪಿನಲ್ಲಿ, ಸ್ಥಾನಬದ್ಧತೆ ಎದ್ದುಕಾಣಬೇಕೆಂದು ಥೌಲೆಸ್ 1977 ರಲ್ಲೇ ವಾದಿಸಿದ್ದರು. ಆ ತಂಪಿನ ಷರತ್ತನ್ನು ಮರೆಯಬಾರದು.

ಒರಟುತನವನ್ನು ನೇರವಾಗಿ ನೋಡುವುದು ತೋರುವಷ್ಟು ಸುಲಭವಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ತಂತಿಯ ಇಡೀ ದಪ್ಪದ ನೆರಳಾಗಿರುವುದರಿಂದ ಏರುತಗ್ಗುಗಳು ಒಂದರ ಮೇಲೊಂದು ಬಿದ್ದು ಮಸುಕಾಗುತ್ತವೆ, ಅದರಿಂದ ತೆಗೆದ ಎತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ. ಸಿಲಿಕಾನ್ ಮತ್ತು ಆಕ್ಸೈಡಿನ ಗಡಿಯನ್ನು ಹೀಗೆ ಅಳೆದು, ಸಹಸಂಬಂಧವು ಗಾಸಿಯನ್ ಆಕಾರಕ್ಕಿಂತ ಘಾತೀಯ ಆಕಾರಕ್ಕೆ ಹೆಚ್ಚು ಹೊಂದುತ್ತದೆ ಎಂದು ಗುಡ್‌ನಿಕ್ ಮತ್ತು ಸಂಗಡಿಗರು 1985 ರಲ್ಲಿ ತೋರಿಸಿದರು. ಅವರ ಸೂತ್ರದಲ್ಲಿ ದೂರದ ಜೊತೆಗೆ ಎರಡರ ವರ್ಗಮೂಲವೊಂದು ಸೇರಿರುತ್ತದೆ, ಕೆಲವರು ಅದನ್ನು ಬಿಟ್ಟು ಬರೆಯುತ್ತಾರೆ. ಬೇರೆಯವರ ಸಹಸಂಬಂಧ ದೂರವನ್ನು ನಿಮ್ಮ ಪ್ರೋಗ್ರಾಮಿಗೆ ಹಾಕುವ ಮೊದಲು ಅದು ಯಾವ ವ್ಯಾಖ್ಯೆಯದೆಂದು ನೋಡಿಕೊಳ್ಳಿ. ಹಾಗೆಯೇ, ಕೆತ್ತನೆಯಿಂದ ಬರುವ ಅಂಚಿನ ಒರಟುತನ, ಹತ್ತಾರು ನ್ಯಾನೋಮೀಟರ್ ಸಹಸಂಬಂಧ ದೂರದ್ದು, ಬೇರೆಯೇ ಜಾತಿ. ಅದು ಎಲೆಕ್ಟ್ರಾನನ್ನು ಹೆಚ್ಚು ಚದುರಿಸುವುದಿಲ್ಲ, ಆದರೆ ಒಂದು ತಂತಿಗೂ ಪಕ್ಕದ ತಂತಿಗೂ ಹೊಸ್ತಿಲು ವೋಲ್ಟೇಜಿನಲ್ಲಿ (ತಂತಿ ಸಾಗಿಸಲು ತೊಡಗುವ ಗೇಟ್ ವೋಲ್ಟೇಜಿನಲ್ಲಿ) ವ್ಯತ್ಯಾಸ ತರುತ್ತದೆ.

ಒರಟುತನವನ್ನು ಕಡಿಮೆ ಮಾಡುವ ದಾರಿಗಳಿವೆ. ಹೈಡ್ರೋಜನ್‌ನಲ್ಲಿ ಕಾಯಿಸಿದರೆ ಮೇಲ್ಮೈಯ ಸಿಲಿಕಾನ್ ಪರಮಾಣುಗಳು ಸರಿದು ಗೋಡೆ ನುಣುಪಾಗುತ್ತದೆ, ಆಕ್ಸೈಡನ್ನು ಬೆಳೆಸಿ ಕರಗಿಸಿಬಿಡುವುದೂ ರೂಢಿಯಲ್ಲಿದೆ. ಇಂಡಿಯಂ ಆರ್ಸೆನೈಡಿನ ತಂತಿಗೆ ಇಂಡಿಯಂ ಫಾಸ್ಫೈಡಿನ ಹೊದಿಕೆ ಬೆಳೆಸಿ ಎಲೆಕ್ಟ್ರಾನನ್ನು ಕೆಟ್ಟ ಮೇಲ್ಮೈಯಿಂದ ದೂರವಿಡುತ್ತಾರೆ. ತಂತಿಯ ದಿಕ್ಕನ್ನು ಆರಿಸಿಕೊಳ್ಳುವುದೂ ಒಂದು ದಾರಿ. ಪರಮಾಣು ಮಟ್ಟದ ಲೆಕ್ಕಗಳು 2008 ರಲ್ಲಿ ತೋರಿಸಿದಂತೆ, ಒರಟು ಸಿಲಿಕಾನ್ ತಂತಿಗಳಲ್ಲಿ ಎಲೆಕ್ಟ್ರಾನ್‌ಗಳಿಗೆ ಹರಳಿನ 110 ಎಂಬ ದಿಕ್ಕೂ ರಂಧ್ರಗಳಿಗೆ (ಎಲೆಕ್ಟ್ರಾನ್ ಇಲ್ಲದ, ಧನ ಆವೇಶದಂತೆ ವರ್ತಿಸುವ ಖಾಲಿ ಜಾಗಗಳಿಗೆ) 111 ಎಂಬ ದಿಕ್ಕೂ ಉತ್ತಮ. ಒರಟುತನ ಯಾವಾಗಲೂ ಶತ್ರುವೂ ಅಲ್ಲ. ಅದೇ ವರ್ಷ ಪ್ರಕಟವಾದ ಅಳತೆಗಳಲ್ಲಿ, ಸುಮಾರು 50 ನ್ಯಾನೋಮೀಟರ್ ದಪ್ಪದ ಒರಟು ಸಿಲಿಕಾನ್ ತಂತಿಗಳ ಉಷ್ಣವಾಹಕತೆ ಘನ ಸಿಲಿಕಾನಿನದಕ್ಕಿಂತ ನೂರು ಪಟ್ಟಿನಷ್ಟು ಕುಸಿದಿತ್ತು, ವಿದ್ಯುತ್ ಗುಣಗಳು ಮಾತ್ರ ಅಷ್ಟಾಗಿ ಕೆಟ್ಟಿರಲಿಲ್ಲ. ಆ ದಪ್ಪದಲ್ಲಿ ಆರನೆಯ ಘಾತ ಎಲೆಕ್ಟ್ರಾನನ್ನು ಇನ್ನೂ ಕಾಡುವುದಿಲ್ಲ, ಶಾಖ ಹೊರುವ ಫೋನಾನುಗಳನ್ನು ಮಾತ್ರ ಒರಟು ಗೋಡೆ ತಡೆಯುತ್ತದೆ.

ಮೊದಲ ಉತ್ತರ ಬರೆದವರ ತಿದ್ದುಪಡಿ

ಆರನೆಯ ಘಾತದ ಬಗ್ಗೆ ನಾನು ಬರೆದದ್ದಕ್ಕೆ ಒಂದು ಮಿತಿಯನ್ನು ಸೇರಿಸಬೇಕು. ಅದು ಗಡಸು ಗೋಡೆಯ ಫಲ. ಸಿಲಿಕಾನ್ ಮತ್ತು ಆಕ್ಸೈಡಿನ ನಡುವೆ ಎಲೆಕ್ಟ್ರಾನಿಗಿರುವ ತಡೆ ಸುಮಾರು 3.1 ಎಲೆಕ್ಟ್ರಾನ್‌ವೋಲ್ಟ್, ಅನಂತವಲ್ಲ. ಅಲೆ ತುಸು ಆಕ್ಸೈಡಿನೊಳಗೆ ಇಣುಕುತ್ತದೆ, ತಳಶಕ್ತಿ ಗಡಸು ಗೋಡೆ ಹೇಳುವುದಕ್ಕಿಂತ ಕಡಿಮೆ ಇರುತ್ತದೆ, ದಪ್ಪದೊಂದಿಗೆ ಅದು ಬದಲಾಗುವ ದರವೂ ಕಡಿಮೆ. 3 ನ್ಯಾನೋಮೀಟರಿನಂಥ ತಂತಿಯಲ್ಲಿ ಘಾತ ಆರಕ್ಕಿಂತ ಕೆಳಗಿಳಿಯುತ್ತದೆ, 25 ನ್ಯಾನೋಮೀಟರ್ ಎಂಬ ಮುಕ್ತಪಥವೂ ಸ್ವಲ್ಪ ನಿರಾಶಾವಾದಿಯೇ. ನಿಮ್ಮ ಪ್ರೋಗ್ರಾಮಿನಲ್ಲಿ ತಂತಿಯ ಸುತ್ತ ಒಂದು ನ್ಯಾನೋಮೀಟರ್ ಆಕ್ಸೈಡಿನ ಪದರವನ್ನೂ ಜಾಲರಿಯೊಳಗೆ ಸೇರಿಸಿ, 3.1 ರ ತಡೆಯನ್ನು ಕೊಟ್ಟು, ಅದೇ ಯಾದೃಚ್ಛಿಕ ಗೋಡೆಗಳ ಮೇಲೆ ಮತ್ತೊಮ್ಮೆ ಓಡಿಸಿ. ಗೋಡೆಗಳನ್ನು ಹೊಸದಾಗಿ ಹುಟ್ಟಿಸದೆ ಹಳೆಯವನ್ನೇ ಬಳಸಿದರೆ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಮಾದರಿಗಳ ಚದುರಿನಲ್ಲಿ ಮುಳುಗಿಹೋಗುವುದಿಲ್ಲ.